ಗುಂಡಿಗೆ ಸುತ್ತಿದ ನೀಲಿ ದಾರ

ನಮ್ಮ ದೊಡ್ಡಮ್ಮ ದುಡಿಯುವ ಹೊಲಿಗೆ ಕಾರ್ಖಾನೆಯ ಮೇಲ್ವಿಚಾರಕರಿಗೆ ಅಲ್ಲಿನ ಹೆಂಗಸರು ಇಟ್ಟ ಹೆಸರು ಮರೆವಿನ ಮಹಾರಾಯ. ಟೇಪು ಕೊರಳಲ್ಲೇ ನೇತಾಡುತ್ತಿರುತ್ತದೆ, ಅದನ್ನೇ ಹುಡುಕಿಕೊಂಡು ಮೇಜಿನ ಕೆಳಗೆಲ್ಲ ನುಗ್ಗುತ್ತಾರೆ. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆಯುವುದು ಅಂದರೆ ಇದೇ. ಒಮ್ಮೆ ಕಾಲರಿನ ಕೆಲಸವನ್ನು ಇಬ್ಬರಿಗೆ ಹೇಳಿ, ತೋಳಿನದನ್ನು ಯಾರಿಗೂ ಹೇಳದೆ, ಪ್ರತಿ ಅಂಗಿಗೂ ಎರಡೆರಡು ಕಾಲರ್ ಸಿದ್ಧವಾಗಿ ತೋಳಿಗೆ ಗತಿಯಿಲ್ಲದಂತಾಗಿತ್ತು. ಬಯ್ಯೋಣವೆಂದರೆ ಆಸಾಮಿ ಒಳ್ಳೆಯವರು. ಅದೇ ದೊಡ್ಡ ತಲೆನೋವು.

ಬೇರೆಯವರು ಗೊಣಗಿಕೊಂಡು ಸುಮ್ಮನಾದರು. ದೊಡ್ಡಮ್ಮ ಮಾತ್ರ ಒಂದು ಉಪಾಯ ಕಂಡುಕೊಂಡಳು. ಏನಾದರೂ ನೆನಪಿರಬೇಕಾದರೆ ಬೆಳಿಗ್ಗೆಯೇ ಅವರ ತೋಳಿನ ಗುಂಡಿಗೆ ಬಣ್ಣದ ದಾರ ಸುತ್ತಿಬಿಡುವುದು. ಕೈ ತೊಳೆಯುವಾಗ ಅದು ಕಣ್ಣಿಗೆ ಬೀಳುತ್ತದೆ. "ಇದು ಯಾಕೆ ಕಟ್ಟಿದ್ದಮ್ಮ?" ಎಂದು ತಾವಾಗಿಯೇ ಬಂದು ಕೇಳುತ್ತಾರೆ. ಹೇಳಿದ ಕೂಡಲೇ ಮಾಡಿ ಮುಗಿಸುತ್ತಾರೆ.

ಆ ದಿನ ಕಟ್ಟಿದ್ದು ನೀಲಿ ದಾರ. ದೊಡ್ಡಪ್ಪನ ಒಂದು ಕಣ್ಣು ಹೋಗಿ ವರ್ಷಗಳಾಗಿದ್ದವು, ಉಳಿದ ಕಣ್ಣಿಗೆ ಆಪರೇಷನ್ ಆಗಿತ್ತು. ಸಂಜೆ ಪಟ್ಟಿ ಬಿಚ್ಚುವವರಿದ್ದರು. "ಬಿಚ್ಚಿದ ತಕ್ಷಣ ಮೊದಲು ನಿನ್ನ ಮುಖಾನೇ ನೋಡ್ಬೇಕು ಕಣೇ," ಎಂದು ಅವರು ಹಟ ಹಿಡಿದಿದ್ದರು. ಮೂರು ಗಂಟೆಗೇ ಕಳಿಸುತ್ತೇನೆಂದು ಮಹಾರಾಯರು ಮಾತು ಕೊಟ್ಟಿದ್ದರು.

ಮಧ್ಯಾಹ್ನ ಹೋಟೆಲೊಂದರ ಸಮವಸ್ತ್ರಗಳ ಅವಸರದ ಕೆಲಸ ಬಂತು. ಮಹಾರಾಯರು ದೊಡ್ಡ ಗಂಟೊಂದನ್ನು ದೊಡ್ಡಮ್ಮನ ಮುಂದೆ ತಂದು ಹಾಕಿದರು.

"ಸಂಜೆಯೊಳಗೆ ಆಗ್ಬೇಕಮ್ಮ."

ದೊಡ್ಡಮ್ಮ ಅವರ ತೋಳು ನೋಡಿದಳು. ಅಂಗಿಯೇ ಬೇರೆ! ಚಹಾ ಚೆಲ್ಲಿಕೊಂಡು ಬದಲಾಯಿಸಿದ್ದರು. ಸಿಟ್ಟಿನಿಂದ ಮಿಷನ್ನಿನ ಪೆಡಲ್ ತುಳಿದರೆ ಅದು ಜಪ್ಪಯ್ಯ ಎಂದರೂ ಅಲುಗಲಿಲ್ಲ. ಬಗ್ಗಿ ನೋಡಿದಳು. ಚಕ್ರವನ್ನು ಮಿಷನ್ನಿನ ಕಾಲಿಗೆ ಸೇರಿಸಿ ಯಾರೋ ನೀಲಿ ದಾರ ಸುತ್ತಿ ಸುತ್ತಿ ಬಿಗಿದಿದ್ದರು.

"ಇದ್ಯಾರ ಕೆಲಸ?"

ಮಹಾರಾಯರು ತಲೆ ಕೆರೆದುಕೊಂಡರು. "ನಂದೇ. ಅಂಗಿ ಬಿಚ್ಚುವಾಗ ಗುಂಡೀಲಿ ನಿಮ್ಮ ದಾರ ಕಾಣಿಸ್ತು. ಈ ಅಂಗಿ ಅರ್ಧತೋಳಿಂದು, ಗುಂಡಿ ಎಲ್ಲಿದೆ? ನೀವು ಮಿಷನ್ ಮುಟ್ಟಿದ್ರೆ ನಂಗೆ ನೆನಪಾಗ್ಲಿ ಅಂತ, ನೀವು ಊಟಕ್ಕೆ ಎದ್ದಾಗ ಅದೇ ಬಣ್ಣದ ಉಂಡೆ ತಂದು ಇಲ್ಲಿ ಕಟ್ಟಿದೆ. ಯಾಕೆ ಅನ್ನೋದೊಂದು ಮರ್ತೇಹೋಯ್ತು."

ದೊಡ್ಡಮ್ಮನಿಗೆ ನಗು, ಅಳು ಎರಡೂ ಒಟ್ಟಿಗೇ ಬಂದವು. "ನಮ್ಮ ಮನೆಯವರ ಕಣ್ಣಿನ ಪಟ್ಟಿ ಬಿಚ್ತಾರೆ ಸಾರ್, ಇವತ್ತು!"

"ಅಯ್ಯೋ ದೇವರೇ! ಏಳಿ, ಏಳಿ!" ಕತ್ತರಿಯಿಂದ ದಾರ ಕಡಿದು ಅವಳ ಜಾಗದಲ್ಲಿ ತಾವೇ ಕೂತರು. ಬಡ್ತಿ ಸಿಗುವ ಮೊದಲು ಅವರೂ ಹೊಲಿಯುವವರೇ. ಪೆಡಲಿನ ಮೇಲೆ ಕಾಲಿಟ್ಟಿದ್ದೇ ತಡ, ಮುಖಕ್ಕೆ ಕಳೆ ಬಂತು. "ಈ ಗಂಟು ನನಗಿರ್ಲಿ. ಯಾರಿಗೆ ಯಾವ ಕೆಲಸ ಅನ್ನೋದನ್ನ ನಾಳೆಯಿಂದ ನೀವೇ ನೋಡ್ಕೊಳ್ಳಿ, ಅದು ನನ್ನ ಕೈಲಾಗಲ್ಲ."

ಆಸ್ಪತ್ರೆಯ ಬಾಗಿಲಲ್ಲಿ ದಾರಿ ಕಾಯುತ್ತಿದ್ದ ನನ್ನನ್ನೂ ದಾಟಿಕೊಂಡು ದೊಡ್ಡಮ್ಮ ಒಳಗೆ ಓಡಿದಳು. ನರ್ಸ್ ಪಟ್ಟಿ ಬಿಚ್ಚಿದರು. ದೊಡ್ಡಪ್ಪ ರೆಪ್ಪೆ ಬಡಿದು ಬಡಿದು ಎದುರಿಗೆ ನೋಡಿದರು.

"ಬಂದ್ಯಾ," ಎಂದರು. ಆಮೇಲೆ ಕೈ ಚಾಚಿ, "ಹೆಗಲ ಮೇಲೆ ನೀಲಿ ದಾರ ಅಂಟಿದೆ ನೋಡು," ಎನ್ನುತ್ತಾ ಅದನ್ನು ಎರಡು ಬೆರಳಲ್ಲಿ ಹೆಕ್ಕಿ ತೆಗೆದರು.