ಅಜ್ಜಿಯ ಸೀರೆಗಳಿಂದ ಹೊಲಿದ ವೇಷ

ನಮ್ಮ ನಾಟಕದ ನಿರ್ದೇಶಕರು ರಂಗಭೂಮಿಯ ವಿದ್ವಾಂಸರು, ನೈಜೀರಿಯಾದಲ್ಲಿ ಕೆಲವು ವರ್ಷ ಇದ್ದು ಬಂದವರು. ಅಲ್ಲಿನ ಯೊರುಬಾ ಜನ ತೀರಿಕೊಂಡ ಹಿರಿಯರಿಗಾಗಿ ಬಟ್ಟೆಯ ಪಟ್ಟಿಗಳ ವೇಷ ಕಟ್ಟುತ್ತಾರೆ, ಮೈ ಚೂರೂ ಕಾಣದಂತೆ ಹೊದ್ದು ಕುಣಿಯುವಾಗ ಒಳಗಿರುವುದು ಹಿರಿಯರೇ ಎಂದು ನಂಬುತ್ತಾರೆ ಎಂದು ಹೇಳುತ್ತಿದ್ದರು. ಬೈಲಹೊಂಗಲದ ತಾಲೀಮಿನಲ್ಲಿ ಇದನ್ನು ಕೇಳಿದಾಗ ನನಗೆ ಹಳೇ ಬಟ್ಟೆಯ ತುಂಡುಗಳನ್ನು ಜೋಡಿಸಿ ಅವ್ವ ಹೊಲಿಯುವ ಕೌದಿಗಳು ನೆನಪಾದವು. ಕೌದಿಯ ಮಾತು ಮೊದಲು ತೆಗೆದವನು ನಾನೋ ಅವರೋ, ಈಗ ಆಣೆ ಮಾಡಿ ಹೇಳಲಾರೆ. ಆ ದಿನದ ದಿನಚರಿಯಲ್ಲಿ ಬಸ್ಸು ತಪ್ಪಿದ್ದು ಮಾತ್ರ ಇದೆ.

ಆದರೆ ನಾಟಕಕ್ಕೆ ಅಂಥದೊಂದು ವೇಷ ಹೊಲಿದದ್ದು ಅವ್ವ. ನೇಸರಗಿಯ ನಮ್ಮ ಪಡಸಾಲೆಯಲ್ಲಿ ಕೂತು, ಅಜ್ಜಿಯ ಇಳಕಲ್ ಸೀರೆಗಳನ್ನು ಸೀಳಿ, ಸೆರಗುಗಳು ಮೇಲೆ ಬರುವಂತೆ ಜೋಡಿಸಿದಳು. ಸತ್ತವರ ಸೀರೆ ಹೊದ್ದು ಕುಣಿಯುವುದನ್ನು ಎಲ್ಲೂ ಕಂಡಿಲ್ಲ ಎಂದು ನಕ್ಕಳು. ಸವದತ್ತಿ, ಕಿತ್ತೂರು, ರಾಮದುರ್ಗಗಳಲ್ಲಿ ಆ ವೇಷದೊಳಗೆ ನಾನಿದ್ದೆ.

ಹೋದ ತಿಂಗಳು ನಿರ್ದೇಶಕರ ಉಪನ್ಯಾಸವೊಂದರ ವಿಡಿಯೊ ಮೊಬೈಲಿಗೆ ಬಂತು. ಪರದೆಯ ಮೇಲೆ ನಮ್ಮ ವೇಷವಿತ್ತು. ಮಲಪ್ರಭೆಯ ಸೀಮೆಯಲ್ಲೂ ಹಿರಿಯರ ವೇಷ ಕಟ್ಟುವ ಪುರಾತನ ಆಚರಣೆ ಉಂಟು, ಆಫ್ರಿಕಕ್ಕೂ ನಮಗೂ ಇರುವ ನಂಟಿಗೆ ಇದೇ ಸಾಕ್ಷಿ ಎನ್ನುತ್ತಿದ್ದರು. ಆಮೇಲೆ ಪರದೆಯಲ್ಲಿ ಅವ್ವ ಬಂದಳು: "ಹೌದ್ರಿ, ನಮ್ಮ ಹಿರ್ಯಾರ ಕಾಲದಿಂದ್ಲೂ ಐತ್ರಿ."

ಅವರು ನಮ್ಮ ಮನೆಗೆ ಬಂದು ಅದನ್ನು ಚಿತ್ರೀಕರಿಸುವಾಗ ನಾನು ಒಳಗೆ ಚಹಾ ಮಾಡುತ್ತಿದ್ದೆ. ಹೀಗೇಕೆ ಹೇಳಿದೆ ಎಂದು ಅವ್ವನನ್ನು ಕೇಳಿದೆ.

"ಕೌದಿ ಹೊಲ್ಯೂದು ಯಾವಾಗಿಂದ ಐತಿ ಅಂತ ಕೇಳಿದ್ರಪಾ. ಇದ್ದದ್ದ ಹೇಳಿದೆ."

ಅವ್ವನ ನೆನಪೂ ನನ್ನದರಂತೆ ತಪ್ಪಿರಬಹುದಲ್ಲವೇ ಎಂದುಕೊಂಡು ನಿರ್ದೇಶಕರಿಗೆ ಫೋನ್ ಮಾಡಿದೆ. ಅಲ್ಲಗಳೆಯುತ್ತಾರೆ ಎಂದು ನಿರೀಕ್ಷಿಸಿದ್ದೆ, ಬಹುಶಃ ಬಯಸಿದ್ದೆ.

"ಹೌದು, ಕೌದಿದ ಕೇಳಿದ್ದೆ," ಎಂದರು. "ಅಲ್ಲೋ ತಮ್ಮಾ, ನೀವು ಹೊಲದ್ರಿ, ಕುಣದ್ರಿ. ಇನ್ನ ಹತ್ತು ವರ್ಷಕ್ಕ ಅದು ನಿಮ್ಮೂರ ಪದ್ಧತಿನ ಆಗ್ತೈತಿ. ನಾ ಸ್ವಲ್ಪ ಮೊದಲ ಹೇಳೇನಿ, ಅಷ್ಟ."

ಮುಂದಿನ ವಿಚಾರಸಂಕಿರಣದಲ್ಲಿ ಬಂದು ಕುಣಿಯಲು ಕರೆದರು. ಅವ್ವನ ಮಾತನ್ನು ತೆಗೆದುಹಾಕುವವರೆಗೆ ಬರುವುದಿಲ್ಲ ಎಂದೆ.

"ಬ್ಯಾಡ ಬಿಡು. ವೇಷ ಅಷ್ಟ ಕಳಸು."

ಕಳಿಸಲಿಲ್ಲ. ಆದರೆ ಕಾಲೇಜಿನ ನನ್ನ ವಿದ್ಯಾರ್ಥಿಗಳಿಗೆ ನೈಜೀರಿಯಾದ ಬಗ್ಗೆ ಇಷ್ಟು ವರ್ಷ ನಾನು ಹೇಳಿದ್ದೆಲ್ಲ ನಿರ್ದೇಶಕರಿಂದ ಕೇಳಿದ್ದು. ಅಲ್ಲಿಯೂ ಯಾವುದೋ ಮನೆಯಲ್ಲಿ ಕೂತು ಒಬ್ಬ ತಾಯಿಯನ್ನು ಅವರು ಏನೋ ಕೇಳಿರುತ್ತಾರೆ. ಆಕೆ ಕೊಟ್ಟ ಉತ್ತರವನ್ನು ನಾನು ಪಾಠ ಮಾಡಿದ್ದೇನೆ. ಪ್ರಶ್ನೆ ಏನಿತ್ತೋ ಗೊತ್ತಿಲ್ಲ.