ಕೆಂಪು ತಂತಿ, ಕಪ್ಪು ತಂತಿ

ಬೇರೆಯವರ ಕೆಲಸದಲ್ಲಿ ತಪ್ಪು ಹುಡುಕುವುದು ನನ್ನ ಉದ್ಯೋಗ. ಓಝರ್ ಬಳಿಯ ವಿಮಾನ ಕಾರ್ಖಾನೆಯ ಇನ್ಸ್‌ಪೆಕ್ಷನ್ ವಿಭಾಗ ಸೇರಿ ಇಪ್ಪತ್ತಾರು ವರ್ಷವಾಯಿತು. ಅಂಥವನು ಸ್ವಂತ ಮನೆಯಲ್ಲಿ, ಒಂದು ಪ್ಲೈವುಡ್ ಡಬ್ಬದೊಳಗಿನ ನಾಲ್ಕು ತಂತಿಗಳಲ್ಲಿ ಮುಗ್ಗರಿಸಿದೆ ಎಂದು ಒಪ್ಪಿಕೊಳ್ಳಲು ಕೊಂಚ ನಾಚಿಕೆಯಾಗುತ್ತದೆ. ಆದದ್ದನ್ನು ಆದ ಕ್ರಮದಲ್ಲೇ ಹೇಳಿಬಿಡುತ್ತೇನೆ.

ಮಗಳು ಸಾನಿಕಾ ಛತ್ರಪತಿ ಸಂಭಾಜಿನಗರದಲ್ಲಿ ಎಂಜಿನಿಯರಿಂಗ್ ಓದುತ್ತಾಳೆ. ಅಲ್ಲಿನ ಗೆಳತಿಯರ ಬ್ಯಾಂಡಿನಲ್ಲಿ ಬೇಸ್ ಗಿಟಾರ್ ನುಡಿಸುತ್ತಾಳೆ. ನಮ್ಮ ಸಂಗೀತದವರು ಮಂದ್ರ ಎನ್ನುವ ಕೆಳಗಿನ ಕೇರಿಯಲ್ಲೇ ಆ ವಾದ್ಯದ ವಾಸ. ಫ್ರಿಜ್ಜಿನ ಸದ್ದಿನ ಹಾಗೆ, ನಿಂತಾಗಲೇ ಅದು ಇತ್ತೆಂದು ತಿಳಿಯುವುದು. ಈ ಹೋಲಿಕೆಯನ್ನು ಒಮ್ಮೆ ಅವಳಿಗೆ ಹೇಳಿ ಅರ್ಧ ದಿನ ಅವಳ ಮಾತು ಕಳೆದುಕೊಂಡಿದ್ದೇನೆ.

ಹಿಂದಿನ ಕಾರ್ಯಕ್ರಮದಲ್ಲಿ ಬಾಡಿಗೆಯ ಸ್ಪೀಕರ್ ಗೊರಗೊರ ಎಂದು ಅವಳ ಮಾನ ಕಳೆದಿತ್ತು. ಮುಂದಿನ ಕಾರ್ಯಕ್ರಮ ಶನಿವಾರ. ವಾರ ಮುಂಚೆಯೇ ಓಝರಿಗೆ ಬಂದವಳು, "ಅಪ್ಪ, ಸ್ಪೀಕರ್ ಆಪಣ್ ಘರೀಚ್ ಬನವೂಯಾ" ಎಂದು ಮರಾಠಿಯಲ್ಲಿ ಅಂದಳು.

"ಕನ್ನಡದಲ್ಲಿ ಕೇಳು, ಮಾಡೋಣ."

"ಮನೆಯಲ್ಲಿನೇ... ಮಾಡಣ."

"ಮನೆಯಲ್ಲೇ. ಮಾಡೋಣ."

ಹೀಗೆ ಶುರುವಾಯಿತು. ನಾಸಿಕದಿಂದ ಪ್ಲೈವುಡ್ಡನ್ನೂ ಹತ್ತಿಂಚಿನ ಎರಡು ಸ್ಪೀಕರುಗಳನ್ನೂ ತಂದೆವು. ಸ್ಪೀಕರಿಗೆ ಡಬ್ಬ ಯಾಕೆ ಬೇಕು ಎಂದು ನನ್ನ ಹೆಂಡತಿಯೂ ಕೇಳಿದ್ದಳು. ಕಾಗದದ ಆ ಬಟ್ಟಲು ಮುಂದೆ ಗಾಳಿ ತಳ್ಳುವಾಗ ಹಿಂದೆ ಎಳೆಯುತ್ತದೆ. ಎರಡನ್ನೂ ಬೇರೆ ಮಾಡದಿದ್ದರೆ ತಳ್ಳಿದ್ದೂ ಎಳೆದದ್ದೂ ರಾಜಿಯಾಗಿ, ದಪ್ಪ ಸ್ವರ ಹುಟ್ಟುವ ಮೊದಲೇ ಸಾಯುತ್ತದೆ. ಸಂಗೀತಕ್ಕೆ ಬೇಕಾದ್ದು ರಾಜಿಯಲ್ಲ, ನಡುವೆ ಒಂದು ಗೋಡೆ. ಸಂಸಾರಕ್ಕೆ ಇದನ್ನು ಅನ್ವಯಿಸಬೇಡಿ ಎಂದು ಅವಳೇ ಎಚ್ಚರಿಸಿದಳು.

ಮೂರು ದಿನ ಕೊಯ್ದು, ಅಂಟು ಹಾಕಿ, ಸಂದುಗಳನ್ನು ಬಿಗಿದೆವು. ಗುರುವಾರ ತಂತಿ ಜೋಡಿಸುವ ಕೆಲಸ. ಸಾನಿಕಾ ಸಾಲ್ಡರಿಂಗ್ ಕಡ್ಡಿ ಹಿಡಿದು ಡಬ್ಬದೊಳಗೆ ತಲೆ ತೂರಿಸಿದಳು. ನಾನು ಚೀಟಿ ಹಿಡಿದು ಕೂಗಿದೆ: "ಎಡಗಡೆ ಸ್ಪೀಕರ್, ಕೂಡಿಸುವ ಗುರುತಿಗೆ ಕೆಂಪು."

"ಹೂಂ."

"ಬಲಗಡೆ, ಕಳೆಯುವ ಗುರುತಿಗೆ ಕಪ್ಪು."

"ಹೂಂ."

ಒಂದೊಂದು ಹೂಂಗೂ ಒಂದೊಂದು ಗೀಟು ಹಾಕಿದೆ. ಕಾರ್ಖಾನೆಯಲ್ಲಿ ಹೀಗೆ ಮಾಡಿದ್ದರೆ ಹೊರಗೆ ನಿಲ್ಲಿಸುತ್ತಿದ್ದರು. ಅಲ್ಲಿ ಕೇಳಿಸಿಕೊಂಡವನು ಕೇಳಿದ ಮಾತನ್ನೇ ತಿರುಗಿ ಹೇಳಬೇಕು. ಹೂಂ ಎಂಬುದು ಉತ್ತರವಲ್ಲ.

ಮುಚ್ಚಿ, ತಿರುಪು ಬಿಗಿದು, ನುಡಿಸಿದಳು. ಡಬ್ಬದಿಂದ ಬಂದದ್ದು ರೇಷನ್ ಡಬ್ಬಿ ತಟ್ಟಿದಂಥ ಸದ್ದು. ಹೊಟ್ಟೆಯಲ್ಲಿ ನಡುಗಬೇಕಾದ ಸ್ವರ ಎಲ್ಲೂ ಇಲ್ಲ. ಸಾನಿಕಾಳ ಮುಖ ಬಾಡಿತು. "ಪರತ್ ಬಾಡಿಗೆದೇ?" ಎಂದಳು, ಮತ್ತೆ ಆ ಬಾಡಿಗೆಯದೇ ಗತಿಯೇ ಎಂದು. ಉಳಿದಿದ್ದು ಒಂದೇ ದಿನ.

ಪೆನ್ಸಿಲ್ ಸೆಲ್ಲಿನ ಎರಡು ತುದಿಗೆ ತಂತಿ ಹಿಡಿದು ಡಬ್ಬದ ಹಿಂದಿನ ತಂತಿ ಸಿಕ್ಕಿಸುವ ತುದಿಗಳಿಗೆ ಮುಟ್ಟಿಸಿದೆ. ಎಡಗಡೆಯ ಬಟ್ಟಲು ಮುಂದೆ ಜಿಗಿಯಿತು. ಬಲಗಡೆಯದು ಹಿಂದೆ ಸರಿಯಿತು. ಒಂದು ತಳ್ಳಿದ್ದನ್ನು ಇನ್ನೊಂದು ಎಳೆದುಕೊಳ್ಳುತ್ತಿತ್ತು. ಬಲಗಡೆ ಕೆಂಪು ಇರಬೇಕಾದಲ್ಲಿ ಕಪ್ಪು, ಕಪ್ಪು ಇರಬೇಕಾದಲ್ಲಿ ಕೆಂಪು.

"ನನಗೆ ಕೆಂಪು ಕಪ್ಪು ಸೇಮ್ ಕೇಳಿಸ್ತದೆ," ಎಂದಳು ಸಾನಿಕಾ.

ನಾನು ತುಮಕೂರಿನವನು, ಹೆಂಡತಿ ಧಾರವಾಡದವಳು. ಅಡುಗೆಮನೆಯಿಂದ ಧಾರವಾಡ ಮಾತಾಡಿತು: "ಆಕಿ ಹುಟ್ಟಿದಾಗಿಂದ ನಾ ಕರಿ ಅಂತ ಕಲಿಸೀನ್ರಿ. ನೀವು ನಡುವ ಕಪ್ಪು ತಂದ್ರಿ. ಕೂಸು ಏನ್ ಮಾಡಬೇಕ್ರಿ?"

"ತಿಳಿಯದಿದ್ದರೆ ಕೇಳಬೇಕಿತ್ತಲ್ಲಮ್ಮ?" ಎಂದೆ ಮಗಳಿಗೆ.

ಅವಳು ತಂತಿ ನೋಡುತ್ತಾ ಹೇಳಿದಳು: "ನಾನು ಕನ್ನಡ ಮಾತಾಡಿದ್ರೆ ನೀನು ಲಗೇಚ್... ತಕ್ಷಣ ತಪ್ಪು ತೆಗೀತೀಯ. ಅದಕ್ಕೆ ಹೂಂ ಅಂತೀನಿ. ಹೂಂನಲ್ಲಿ ತಪ್ಪು ಇರಲ್ಲ."

ನಾನು ಸೆಲ್ಲನ್ನು ಮೆಲ್ಲಗೆ ಕೆಳಗಿಟ್ಟೆ. ಇಪ್ಪತ್ತು ವರ್ಷ ಮನೆಯಲ್ಲಿ ಕನ್ನಡ ಉಳಿಸುತ್ತಿದ್ದೇನೆ ಅಂದುಕೊಂಡಿದ್ದೆ. ಉಳಿದದ್ದು ಒಂದು ಅಕ್ಷರ.

ಶುಕ್ರವಾರ ಬೆಳಿಗ್ಗೆ ಮತ್ತೆ ಬಿಚ್ಚಿದೆವು. ಈ ಸಲ ಅವಳು ಕೂಗುವುದು, ನಾನು ಡಬ್ಬದೊಳಗಿನಿಂದ ತಿರುಗಿ ಹೇಳುವುದು. "ಬಲಗಡೆಗೆ ಕೆಂಪ ತಂತಿಗೆ ಹಚ್ಚು," ಎಂದಳು. ಆ ವಾಕ್ಯದಲ್ಲಿ ಎರಡು ದೋಷ ಕಂಡವು. ಇದ್ದಂತೆಯೇ ಅದನ್ನು ತಿರುಗಿ ಹೇಳಿದೆ. ತಂತಿ ಸರಿಯಾದ ಜಾಗದಲ್ಲೇ ಕೂತಿತು. ನುಡಿಸಿದಾಗ ಕಪಾಟಿನ ಸ್ಟೀಲ್ ಲೋಟಗಳೆಲ್ಲ ಗುಂಯ್‌ಗುಟ್ಟಿದವು. ಮಧ್ಯಾಹ್ನದ ಬಸ್ಸಿನ ಹೊಟ್ಟೆಯಲ್ಲಿ ಡಬ್ಬವನ್ನು ಮಲಗಿಸಿ ಅವಳು ಹೋದಳು.

ಶನಿವಾರ ಸಂಜೆ ಫೋನ್ ಬಂತು. ಹಿಂದೆ ಚಪ್ಪಾಳೆ, ಗದ್ದಲ.

"ಅಪ್ಪ, ಡಬ್ಬ ಎಷ್ಟು ಚೆನ್ನಾಗಿ ಹಾಡಿದ ಗೊತ್ತಾ! ಎಲ್ಲರೂ ಕೇಳ್ತಿದಾರೆ, ಅವನನ್ನ ಯಾರು ಮಾಡಿದ್ದು ಅಂತ!"

ಮರಾಠಿಯಲ್ಲಿ ಡಬ್ಬ ಗಂಡು. ನಮ್ಮಲ್ಲಿ ಅದು ಗಂಡೂ ಅಲ್ಲ, ಹೆಣ್ಣೂ ಅಲ್ಲ. ನನ್ನ ಉದ್ಯೋಗ ನಾಲಿಗೆಯ ತುದಿಗೆ ಬಂದು ನಿಂತಿತು. ನುಂಗಿಕೊಂಡೆ.

"ಪಾಪ, ಸುಸ್ತಾಗಿರ್ತಾನೆ," ಎಂದೆ. "ರಜೆಗೆ ಬರುವಾಗ ಅವನನ್ನೂ ಕರ್ಕೊಂಡು ಬಾ."