ಮನೆ ಮಾಲಕಿಗೆ ಕೊಡಬೇಕಾಗಿದ್ದ ಉತ್ತರ

ನಮ್ಮ ಮನೆ ಮಾಲಕಿಯ ಬಲಗೈ ಹೆಬ್ಬೆರಳಿನ ಗೆಣ್ಣಿನ ಮೇಲೆ ಶೇಂಗಾ ಬೀಜದಷ್ಟು ದಪ್ಪ ಜಡ್ಡು ಇತ್ತು. ಹೆಬ್ಬೆರಳು ಮಡಚಿ ಎಮ್ಮೆ ಹಿಂಡಿ ಹಿಂಡಿ ಕಟ್ಟಿದ ಜಡ್ಡು. ಜಗಳಕ್ಕೆ ನಿಂತರೆ ಆಕೆ ಎಲ್ಲರಂತೆ ತೋರುಬೆರಳು ಎತ್ತುತ್ತಿರಲಿಲ್ಲ, ಆ ಹೆಬ್ಬೆರಳನ್ನೇ ತಂದು ಮೂಗಿನ ಮುಂದೆ ಹಿಡಿಯುತ್ತಿದ್ದಳು. ಬಮ್ಮಿಗಟ್ಟಿಯಲ್ಲಿ ಆಕೆಯ ಮನೆಯ ಮುಂದಿನ ಎರಡು ಕೋಣೆಗಳಲ್ಲಿ ನಾವು ಗಂಡ ಹೆಂಡತಿ ಬಾಡಿಗೆಗೆ ಇದ್ದಷ್ಟು ಕಾಲ ನನ್ನ ಮೂಗಿಗೆ ಆ ಹೆಬ್ಬೆರಳಿನ ಪರಿಚಯ ಚೆನ್ನಾಗಿಯೇ ಆಯಿತು.

ನನ್ನವರು ಅಲ್ಲಿನ ಹೈಸ್ಕೂಲಿನಲ್ಲಿ ಮಾಸ್ತರರು. ಮನೆ ಕೇಳಲು ಹೋದ ದಿನ ಆಕೆ ನಮ್ಮನ್ನು ಕೂಡ್ರಿ ಎಂದೂ ಅನ್ನಲಿಲ್ಲ.

"ಕ್ರಿಸ್ತಾನರಂತಲ್ಲ. ಮಾಂಸ ತಿಂತೀರೇನು?"

"ತಿಂತೀವ್ರಿ ಅಮ್ಮಾರ."

"ಹೊರಗ ಎಲ್ಲೆರ ತಿಂದು ಬರ್ರಿ. ನನ್ನ ಮನ್ಯಾಗ ಬೇಯಂಗಿಲ್ಲ. ಮಾತು ಕೊಡ್ರಿ."

ಕೊಟ್ಟೆವು. ಕೊಟ್ಟ ಮೇಲೂ ಆಕೆಗೆ ನಂಬಿಕೆ ಇರಲಿಲ್ಲ. ಭಾನುವಾರ ಒಗ್ಗರಣೆ ಸದ್ದಾದರೆ ಸಾಕು, ಕಿಟಕಿಗೆ ಬಂದು ಮೂಸುತ್ತಿದ್ದಳು.

"ಏನ್ ಬೇಯಾಕತ್ತೈತಿ?"

"ಬದನೀಕಾಯ್ರಿ."

"ಮುಚ್ಚಳ ತಗಿ, ನೋಡೂಣು."

ತೆಗೆದು ತೋರಿಸುತ್ತಿದ್ದೆ. ಮೈಯೆಲ್ಲ ಉರಿಯುತ್ತಿತ್ತು. ನಮ್ಮಂಥವರಿಗೆ ಆ ಊರಲ್ಲಿ ಬೇರೆ ಮನೆ ಸಿಗುವುದು ಅಷ್ಟು ಸುಲಭವಿರಲಿಲ್ಲ, ಅದು ಆಕೆಗೂ ಗೊತ್ತಿತ್ತು. ಆಕೆಯ ಬಗ್ಗೆ ಒಳ್ಳೆಯ ಮಾತು ಹೇಳಲೇಬೇಕೆಂದರೆ ಒಂದೇ ಒಂದು ಇದೆ: ಹಾಲಿಗೆ ಎಂದೂ ನೀರು ಬೆರೆಸಿದವಳಲ್ಲ. ಆಕೆಯ ಎಮ್ಮೆಯ ಹಾಲು ಕಾಯಿಸಿ ಆರಿಸಿದರೆ ಕೆನೆ ರೊಟ್ಟಿಯಂತೆ ಎತ್ತಿಕೊಳ್ಳಲು ಬರುತ್ತಿತ್ತು. ಓಣಿಯ ಹೆಂಗಸರೆಲ್ಲ ಬೆಳಿಗ್ಗೆ ತಂಬಿಗೆ ಹಿಡಿದು ಆಕೆಯ ಕಟ್ಟೆಗೆ ಬರುತ್ತಿದ್ದರು.

ಆ ವರ್ಷ ಲೆಂಟ್ ಬಂತು, ಈಸ್ಟರಿಗೆ ಮುಂಚಿನ ನಮ್ಮ ಉಪವಾಸದ ಕಾಲ. ಎಲ್ಲರೂ ಆಗ ಮಾಂಸ ಬಿಡುತ್ತಾರೆ. ನನ್ನವರು ಕರಿಬೋರ್ಡಿನ ಮುಂದೆ ನಿಂತವರಂತೆ ಯೋಚಿಸಿ ಹೇಳಿದರು: "ಮಾಂಸ ಬಿಟ್ಟಿವಿ ಅಂದ್ರ ದೇವ್ರು ನಗ್ತಾನ. ಅದನ್ನ ಮಾಲಕಿ ಎಂದೋ ಬಿಡಿಸ್ಯಾಳ. ನಮಗ ಪ್ರೀತಿಯದು ಏನೈತಿ ಅದನ್ನ ಬಿಡಬೇಕು." ಪ್ರೀತಿಯದು ಅಂದರೆ ಆ ಹಾಲು, ಆ ಮೊಸರು, ಆ ತುಪ್ಪ. ಮೊಬೈಲಿನಲ್ಲಿ ಅದಕ್ಕೆ ವೀಗನ್ ಅನ್ನುತ್ತಾರೆಂದೂ ತೋರಿಸಿದರು. ಇಬ್ಬರೂ ಮೊಣಕಾಲೂರಿ ದೇವರಿಗೆ ಮಾತು ಕೊಟ್ಟೆವು. ಮರುದಿನದಿಂದ ಕರಿ ಚಹಾ, ರೊಟ್ಟಿಗೆ ಗುರೆಳ್ಳು ಚಟ್ನಿ.

ಹಾಲು ಬೇಡವೆಂದು ನಾನೇ ಹೋಗಿ ಹೇಳಿದೆ. ಈಸ್ಟರ್ ಆದ ಮೇಲೆ ಮತ್ತೆ ಹಾಕಿರಿ, ಇದು ದೇವರ ಸಲುವಾಗಿ ಎಂದೂ ತಿಳಿಸಿ ಹೇಳಿದೆ. ಹೆಬ್ಬೆರಳು ಎದ್ದಿತು.

"ಯಾವ ದೇವ್ರು ಹಾಲು ಒಲ್ಲೆ ಅಂತಾನ? ನಮ್ಮ ದೇವ್ರು ಹಾಲಾಗ ಜಳಕಾ ಮಾಡ್ತಾನ. ನಿಮ್ಮ ದೇವ್ರಿಗೆ ನನ್ನ ಎಮ್ಮಿ ಏನ್ ಮಾಡೇತಿ?"

ನಗು ಬಂತು, ನುಂಗಿಕೊಂಡೆ. ಆದರೆ ವಾರ ಕಳೆಯುವುದರಲ್ಲಿ ಮಾತು ಎಲ್ಲಿಂದ ಎಲ್ಲಿಗೋ ಹೋಗಿತ್ತು. ಒಂದೇ ಛಾವಣಿಯ ಕೆಳಗಿದ್ದ ಮಾಸ್ತರರೇ ಹಾಲು ಬಿಟ್ಟಿದ್ದಾರೆಂದರೆ ಏನೋ ಕಂಡಿರಬೇಕು ಎಂದು ಹಿಟ್ಟಿನ ಗಿರಣಿಯಲ್ಲಿ ಹೆಂಗಸರು ಆಡಿಕೊಂಡರು. ನೀರು ಬೆರೆಸುತ್ತಾಳಂತೆ ಎಂದರು. ಅಲ್ಲ, ಎಮ್ಮೆಗೆ ರೋಗವಂತೆ ಎಂದರು. ನಾನು ಎದುರಿಗೆ ನಿಂತು ಹಾಗಿಲ್ಲವೆಂದರೂ ಯಾರೂ ನಂಬಲಿಲ್ಲ. ಎರಡು ಮನೆಯವರು ದಿನಾ ಒಯ್ಯುತ್ತಿದ್ದ ವರ್ತನೆ ಹಾಲು ನಿಲ್ಲಿಸಿದರು.

ಮರುದಿನ ಬೆಳಿಗ್ಗೆ ಆಕೆ ನಮ್ಮ ಬಾಗಿಲು ಬಡಿದಳು. ಕಟ್ಟೆಯ ಮುಂದೆ ಹೆಂಗಸರು ತಂಬಿಗೆ ಹಿಡಿದು ನಿಂತಿದ್ದರು. ಆಕೆಯ ಕೈಯಲ್ಲಿ ಆಗಷ್ಟೇ ಹಿಂಡಿದ, ನೊರೆ ಇಳಿಯದ ಹಾಲಿನ ತಂಬಿಗೆ.

"ಬಾ ಬೇ ಹೊರಗ. ಕುಡಿ. ಇವರೆಲ್ಲಾರ ಮುಂದ ಕುಡಿ."

"ಅಮ್ಮಾರ, ದೇವ್ರಿಗೆ ಮಾತು ಕೊಟ್ಟೇವ್ರಿ."

"ನಿನ್ನ ದೇವ್ರು ನಿನ್ನ ಮಾತು ಕೇಳಿಕೋತ ಕುಂದ್ರತಾನ. ನನ್ನ ಮಾತು ಕೇಳೂ ಮಂದಿ ಇಲ್ಲೆ ನಿಂತಾರ. ಹುಟ್ಟಿದಾಗಿಂದ ಹಾಲು ಮಾರೀನಿ, ಯಾರೂ ನನಗ ಕಳ್ಳಿ ಅಂದಿಲ್ಲ. ಕುಡೀತೀಯೋ ಇಲ್ಲೋ?"

ಆಕೆಯ ದನಿ ಬಿರಿದಿತ್ತು. ಕಣ್ಣಲ್ಲಿ ನೀರಿರಲಿಲ್ಲ, ಆದರೆ ಕೆಳತುಟಿ ಅದುರುತ್ತಿತ್ತು. ನನ್ನವರು ಹಲ್ಲುಜ್ಜುವ ಬ್ರಷ್ ಬಾಯಲ್ಲಿಟ್ಟುಕೊಂಡು ಬಾಗಿಲಲ್ಲೇ ನಿಂತರು. ನಾನು ತಂಬಿಗೆ ತೆಗೆದುಕೊಂಡೆ, ತಳ ಕಾಣುವವರೆಗೆ ಕುಡಿದೆ. ಬಾಯಿ ಒರೆಸಿಕೊಂಡು, "ಅಗದಿ ಚಲೋ ಹಾಲು. ಇದ್ರಾಗ ಒಂದ್ ಹನಿ ನೀರಿಲ್ಲ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ಹೆಂಗಸರು ಮುಖ ಮುಖ ನೋಡಿಕೊಂಡು ತಂಬಿಗೆ ಮುಂದೆ ಮಾಡಿದರು. ಬಿಟ್ಟುಹೋದ ಎರಡು ಮನೆಯವರೂ ಸಂಜೆಯೊಳಗೆ ಬಂದರು.

ಜಗಳ ತೀರಿತು ಅಂದುಕೊಂಡೆ. ಅಂದು ಸಂಜೆ ಆಕೆ ಮತ್ತೆ ಬಂದು ಹೊಸ್ತಿಲ ಆಚೆಯೇ ನಿಂತಳು.

"ಅಮಾಸಿ ಒಳಗ ಮನಿ ಖಾಲಿ ಮಾಡ್ರಿ."

"ಯಾಕ್ರಿ ಅಮ್ಮಾರ? ನೀವು ಹೇಳಿದಂಗ ಕುಡದೆ ಅಲ್ರಿ?"

"ಅದಕ್ಕ ಹೇಳಾಕತ್ತೀನಿ. ನಾ ಒಂದು ಸಲ ಒದರಿದ್ದಕ್ಕ ದೇವ್ರಿಗೆ ಕೊಟ್ಟ ಮಾತು ಬಿಟ್ಟಿ. ನನಗ ಕೊಟ್ಟ ಮಾತು ಬಿಡಾಕ ನಿನಗೆಷ್ಟು ಹೊತ್ತು?"

ನನ್ನವರು ಬೇಡಿಕೊಂಡರು, ಆಕೆ ಕೇಳಲಿಲ್ಲ. ಅಮಾವಾಸ್ಯೆಗೆ ಮೊದಲೇ ಟ್ರ್ಯಾಕ್ಟರಿನಲ್ಲಿ ಸಾಮಾನು ಹೇರಿಕೊಂಡು ಕಲಘಟಗಿಗೆ ಬಂದೆವು. ನನ್ನವರಿಗೆ ದಿನಾ ಬಸ್ಸಿನ ಓಡಾಟ ಗಂಟುಬಿತ್ತು. ಈಸ್ಟರಿನವರೆಗೆ ಅವರು ಕರಿ ಚಹಾ ಕುಡಿದರು, ನಾನೂ ಕುಡಿದೆ. ಆದರೆ ನನ್ನ ಉಪವಾಸ ಆ ಕಟ್ಟೆಯ ಮೇಲೆ ಮುಗಿದಿತ್ತು.

ಆಕೆಗೆ ಕೊಡಬೇಕಾಗಿದ್ದ ಉತ್ತರ ನನಗೆ ಹೊಳೆದದ್ದು ಹೊಸ ಮನೆಯಲ್ಲಿ ಪಾತ್ರೆ ತಿಕ್ಕುತ್ತಿರುವಾಗ. ತಿಕ್ಕುವುದನ್ನು ಬಿಟ್ಟು ಜೋರಾಗಿ ಹೇಳಿಯೂಬಿಟ್ಟೆ, ಗೋಡೆಗೆ. ಆಮೇಲೆ ಎಷ್ಟೋ ಸಲ ಮನಸ್ಸಿನಲ್ಲೇ ಆಕೆಯನ್ನು ನಿಲ್ಲಿಸಿಕೊಂಡು ಹೇಳಿದ್ದೇನೆ. ಒಮ್ಮೆ ಕಲಘಟಗಿ ಸಂತೆಯಲ್ಲಿ ನಿಜವಾಗಿಯೂ ಎದುರಾದಳು. ನಾನು ಬಾಯಿ ತೆರೆಯುವುದರಲ್ಲಿ ಸೊಪ್ಪಿನವಳ ಕಡೆ ತಿರುಗಿ ಅವಳನ್ನು ಬೈಯತೊಡಗಿದಳು. ಆ ಸಿಟ್ಟಿನಲ್ಲಿ ಅಂದು ಕಾಯಿಪಲ್ಲೆಯನ್ನೂ ಕೊಳ್ಳದೆ ಮನೆಗೆ ಬಂದೆ.

ಹೋದ ವರ್ಷ ನನ್ನವರು ಶಾಲೆಯಿಂದ ಫೋನ್ ಮಾಡಿ ಆಕೆ ತೀರಿಕೊಂಡ ಸುದ್ದಿ ಹೇಳಿದರು. "ನೀ ಬರೂದಿಲ್ಲಂತ ಗೊತ್ತೈತಿ" ಎಂದರು. ಸಿಕ್ಕ ಬಸ್ಸು ಹತ್ತಿ ಹೋದೆ.

ಆಕೆಯ ಮಂದಿಯ ಪದ್ಧತಿಯಂತೆ ದೇಹವನ್ನು ಕಟ್ಟೆಯ ಮೇಲೆ ಕೂಡ್ರಿಸಿದ್ದರು. ಹಣೆ ತುಂಬ ವಿಭೂತಿ, ಕೊರಳ ತುಂಬ ಹೂವು. ಬೆನ್ನು ನೆಟ್ಟಗೆ, ಗದ್ದ ಮೇಲೆ, ಯಾರನ್ನೋ ಬೈಯಲು ತಯಾರಾದ ಹಾಗೆ. ಭಜನೆಯವರ ತಾಳದ ಸದ್ದಿನಲ್ಲಿ ಯಾರಿಗೂ ಕೇಳದಂತೆ ಆಕೆಯ ಕಿವಿಯ ಹತ್ತಿರ ಬಾಗಿದೆ.

"ನಿಮಗ ಅಂಜಿ ಕುಡೀಲಿಲ್ರಿ. ನಿಮ್ಮ ಹೆಸರು ಉಳೀಲಿ ಅಂತ ಕುಡದೆ."

ಹೇಳಿ, ಎಂದಿನ ಅಭ್ಯಾಸದಿಂದ, ಆಕೆ ತಿರುಗಿಸಿ ಏನು ಅನ್ನುತ್ತಾಳೋ ಎಂದು ಕಾದೆ. ಅಳಬಾರದೆಂದೇ ಬಂದಿದ್ದ ನಾನು ಆಗ ಅತ್ತೆ.